ಟ್ರೇಲರ್ ಮತ್ತು ಮುಖ್ಯ ಚಿತ್ರದ ಚೌಕಟ್ಟಿನ ಅನುಪಾತ

ಚೌಕಟ್ಟಿನ ಅನುಪಾತ ಎಂದರೆ ಪರದೆಯ ಮೇಲೆ ಮೂಡುವ ಚಿತ್ರದ ಅಗಲಕ್ಕೂ ಎತ್ತರಕ್ಕೂ ಇರುವ ಪ್ರಮಾಣ. ಇದನ್ನು ಆಸ್ಪೆಕ್ಟ್ ರೇಶಿಯೊ ಎಂದೂ ಕರೆಯುತ್ತಾರೆ. ಚಿತ್ರಮಂದಿರದಲ್ಲಿ ಮುಖ್ಯ ಚಿತ್ರದ ಅನುಪಾತಕ್ಕೆ ಹೊಂದುವ ಟ್ರೇಲರ್‌ಗಳನ್ನೇ ಆರಿಸಿದರೆ ಇಡೀ ಪ್ರದರ್ಶನವು ಒಂದೇ ಲೆನ್ಸ್ ಮತ್ತು ಒಂದೇ ಪರದೆಯಳತೆಯಲ್ಲಿ ಸಾಗುತ್ತದೆ. ಹೊಂದದಿದ್ದರೆ ಚಿತ್ರವು ಕುಗ್ಗುತ್ತದೆ, ವಿಕಾರಗೊಳ್ಳುತ್ತದೆ ಅಥವಾ ಅದರ ಅಂಚು ಕತ್ತರಿಸಿಹೋಗುತ್ತದೆ.

ಇತಿಹಾಸ

ಮೂಕಿ ಚಿತ್ರಗಳ ಅನುಪಾತ 1.33:1 ಆಗಿತ್ತು. ವಾಕ್ಚಿತ್ರಗಳು ಬಂದ ಮೇಲೆ 1932ರಲ್ಲಿ ಅಮೆರಿಕದಲ್ಲಿ 1.37:1 ಪ್ರಮಾಣವು ರೂಢಿಗೆ ಬಂದಿತು. 1953ರಲ್ಲಿ ತೆರೆಕಂಡ ‘ದ ರೋಬ್’ ಮೊದಲ ಸಿನಿಮಾಸ್ಕೋಪ್ ಚಿತ್ರ. ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರವೆಂದರೆ ಗುರುದತ್ ನಿರ್ದೇಶನದ ‘ಕಾಗಜ್ ಕೆ ಫೂಲ್’ (1959). ಇದರ ಛಾಯಾಗ್ರಾಹಕರು ಮೈಸೂರಿನವರಾದ ವಿ. ಕೆ. ಮೂರ್ತಿ. ಕನ್ನಡದ ಮೊದಲ ಸಿನಿಮಾಸ್ಕೋಪ್ ಚಿತ್ರ ‘ಸೊಸೆ ತಂದ ಸೌಭಾಗ್ಯ’ 1977ರಲ್ಲಿ ಬಿಡುಗಡೆಯಾಯಿತು. ರಾಮನಗರದಲ್ಲಿ ಚಿತ್ರೀಕರಣಗೊಂಡ ‘ಶೋಲೆ’ಯನ್ನು (1975) 35 ಮಿ.ಮೀ.ನಿಂದ 70 ಮಿ.ಮೀ.ಗೆ ಹಿಗ್ಗಿಸಲಾಯಿತು; 70 ಮಿ.ಮೀ. ಪ್ರತಿಗಳ ಅನುಪಾತ 2.20:1. ಇಂದು ಮುಖ್ಯವಾಗಿ ಎರಡು ಅನುಪಾತಗಳು ಬಳಕೆಯಲ್ಲಿವೆ: 1.85:1ರ ಫ್ಲ್ಯಾಟ್ ಮತ್ತು 2.39:1ರ ಸ್ಕೋಪ್.

ರೀಲಿನ ಕಾಲದಲ್ಲಿ

35 ಮಿ.ಮೀ. ಸ್ಕೋಪ್ ಪ್ರತಿಯಲ್ಲಿ ಚಿತ್ರವನ್ನು ಅಡ್ಡಲಾಗಿ ಅರ್ಧಕ್ಕೆ ಕುಗ್ಗಿಸಿ ಮುದ್ರಿಸಲಾಗುತ್ತಿತ್ತು. ಪ್ರೊಜೆಕ್ಟರಿನ ಅನಾಮಾರ್ಫಿಕ್ ಲೆನ್ಸ್ ಅದನ್ನು ಎರಡು ಪಟ್ಟು ಅಗಲಗೊಳಿಸುತ್ತಿತ್ತು. ಸ್ಕೋಪ್ ಟ್ರೇಲರನ್ನು ಸಾಮಾನ್ಯ ಲೆನ್ಸಿನಲ್ಲಿ ತೋರಿಸಿದರೆ ಪಾತ್ರಗಳು ಸಣಕಲಾಗಿ, ಎತ್ತರವಾಗಿ ಕಾಣುತ್ತವೆ. ಫ್ಲ್ಯಾಟ್ ಟ್ರೇಲರನ್ನು ಅನಾಮಾರ್ಫಿಕ್ ಲೆನ್ಸಿನಲ್ಲಿ ತೋರಿಸಿದರೆ ಪಾತ್ರಗಳು ಕುಳ್ಳಾಗಿ, ದಪ್ಪವಾಗಿ ಕಾಣುತ್ತವೆ. ಪ್ರದರ್ಶನದ ನಡುವೆ ಲೆನ್ಸ್ ಬದಲಾಯಿಸುವ ತೊಂದರೆಯನ್ನು ತಪ್ಪಿಸಲು ವಿತರಕರು ಒಂದೇ ಟ್ರೇಲರನ್ನು ಎರಡೂ ಅನುಪಾತಗಳಲ್ಲಿ ಒದಗಿಸುವ ಪದ್ಧತಿ ಬೆಳೆಯಿತು.

ಡಿಜಿಟಲ್ ಪ್ರದರ್ಶನ

2ಕೆ ಡಿಜಿಟಲ್ ಪ್ರತಿಯಲ್ಲಿ ಫ್ಲ್ಯಾಟ್ ಚಿತ್ರವು 1998×1080 ಪಿಕ್ಸೆಲ್, ಸ್ಕೋಪ್ ಚಿತ್ರವು 2048×858 ಪಿಕ್ಸೆಲ್ ಇರುತ್ತದೆ. ಕಡತದ ಹೆಸರಿನಲ್ಲಿರುವ ‘ಎಫ್’ ಅಥವಾ ‘ಎಸ್’ ಅಕ್ಷರವು ಅನುಪಾತವನ್ನು ಸೂಚಿಸುತ್ತದೆ. ಇಲ್ಲಿ ಚಿತ್ರ ವಿಕಾರಗೊಳ್ಳುವುದು ವಿರಳ. ಗಾತ್ರ ಕುಗ್ಗುವುದೇ ಮುಖ್ಯ ತೊಂದರೆ. ಸ್ಕೋಪ್ ಟ್ರೇಲರನ್ನು ಫ್ಲ್ಯಾಟ್ ಚೌಕಟ್ಟಿನಲ್ಲಿ ಕೂರಿಸಿದರೆ ಮೇಲೆ ಮತ್ತು ಕೆಳಗೆ ಕಪ್ಪು ಪಟ್ಟಿಗಳು ಬಂದು ಚಿತ್ರದ ಎತ್ತರ ಸುಮಾರು 836 ಪಿಕ್ಸೆಲ್‌ಗೆ ಇಳಿಯುತ್ತದೆ. ಫ್ಲ್ಯಾಟ್ ಟ್ರೇಲರನ್ನು ಸ್ಕೋಪ್ ಚೌಕಟ್ಟಿನಲ್ಲಿ ಕೂರಿಸಿದರೆ ಎಡಬಲಗಳಲ್ಲಿ ಪಟ್ಟಿಗಳು ಬಂದು ಅಗಲ ಸುಮಾರು 1587 ಪಿಕ್ಸೆಲ್ ಆಗುತ್ತದೆ. ಪರದೆಯೇ 1.85:1 ಆಕಾರದ್ದಾಗಿದ್ದು, ಅದರ ಮೇಲೆ ಈ ಎರಡನೆಯ ಬಗೆಯ ಟ್ರೇಲರನ್ನು ಸ್ಕೋಪ್ ಹೊಂದಾಣಿಕೆಯಲ್ಲೇ ತೋರಿಸಿದರೆ ನಾಲ್ಕೂ ಕಡೆ ಕಪ್ಪು ಅಂಚು ಕಾಣುತ್ತದೆ. ಆಗ ಪರದೆಯ ಶೇ. 60ರಷ್ಟು ಭಾಗ ಮಾತ್ರ ಬಳಕೆಯಾಗುತ್ತದೆ.

ಕರ್ನಾಟಕದ ಸಂದರ್ಭ

1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ಕಲಬುರಗಿಯಂತಹ ಗಡಿಭಾಗದ ನಗರಗಳಲ್ಲಿ ಕನ್ನಡದ ಜೊತೆಗೆ ಹಿಂದಿ ಮತ್ತು ತೆಲುಗು ಚಿತ್ರಗಳಿಗೂ ಪ್ರೇಕ್ಷಕರಿದ್ದಾರೆ. ಹಲವು ಭಾಷೆಗಳ ಟ್ರೇಲರ್‌ಗಳು ಒಂದೇ ಪ್ರದರ್ಶನದಲ್ಲಿ ಸೇರಿದಾಗ ಅವುಗಳ ಅನುಪಾತವೂ ಬೇರೆಬೇರೆಯಾಗಿರಬಹುದು. ಕಮಲಾಪುರದಂತಹ ತಾಲ್ಲೂಕು ಕೇಂದ್ರಗಳಿಂದ ನಗರಕ್ಕೆ ಬಂದು ಚಿತ್ರ ನೋಡುವವರಿಗೆ ಮುಂದಿನ ಚಿತ್ರದ ಮೊದಲ ಪರಿಚಯ ಪರದೆಯ ಮೇಲಿನ ಟ್ರೇಲರಿನಿಂದಲೂ ಆಗುವುದುಂಟು.

ಹಳೆಯ ಚಿತ್ರಗಳ ಮರುಬಿಡುಗಡೆಯಲ್ಲಿ ಈ ವಿಷಯಕ್ಕೆ ಇನ್ನಷ್ಟು ಮಹತ್ವವಿದೆ. ಉದಾಹರಣೆಗೆ, 1965ರ ‘ಸತ್ಯ ಹರಿಶ್ಚಂದ್ರ’ ವರ್ಣಗೊಂಡು 2008ರಲ್ಲಿ ಮತ್ತೆ ಬಿಡುಗಡೆಯಾಯಿತು. 1.37:1ರಲ್ಲಿ ಚಿತ್ರಿತವಾದ ಯಾವುದೇ ಚಿತ್ರವನ್ನು 1.85:1ಕ್ಕೆ ತುಂಬಿಸಿದರೆ ಎತ್ತರದ ಸುಮಾರು ಕಾಲುಭಾಗ ನಷ್ಟವಾಗುತ್ತದೆ. ಆಗ ನಟರ ತಲೆಯ ಜೊತೆಗೆ ಶೀರ್ಷಿಕೆಯ ಕೆಳಸಾಲಿನ ಒತ್ತಕ್ಷರಗಳೂ ಮರೆಯಾಗಬಹುದು. ಹೀಗಾಗಿ ಅಂತಹ ಚಿತ್ರವನ್ನೂ ಅದರ ಟ್ರೇಲರನ್ನೂ ಎಡಬಲದ ಕಪ್ಪು ಪಟ್ಟಿಗಳೊಂದಿಗೆ ಮೂಲ ಅನುಪಾತದಲ್ಲಿಯೇ ತೋರಿಸಿದರೆ ಛಾಯಾಗ್ರಾಹಕರು ರೂಪಿಸಿದ ಚೌಕಟ್ಟು ಪೂರ್ಣವಾಗಿ ಉಳಿಯುತ್ತದೆ.