‘ಸಮೂಹ ಚಿಕಿತ್ಸೆ’ ಎಂಬ ಮಾತಿನ ಚರಿತ್ರೆ

ಈಚೆಗೆ ನಮ್ಮ ವಿದ್ಯಾವಂತರ ಮನೆಗಳಲ್ಲಿ ‘ಗ್ರೂಪ್ ಥೆರಪಿ’ ಎಂಬ ಮಾತು ಸಲೀಸಾಗಿ ಓಡಾಡತೊಡಗಿದೆ. ನಾಲ್ವರು ಗೆಳತಿಯರು ಕಾಫಿಗೆ ಕೂಡಿದರೆ ಅದು ಗ್ರೂಪ್ ಥೆರಪಿ. ನಿವೃತ್ತರಾದ ಹಿರಿಯರು ಉದ್ಯಾನದ ಕಲ್ಲುಬೆಂಚಿನ ಮೇಲೆ ಕುಳಿತು ಸೊಸೆಯಂದಿರನ್ನೂ ಸರಕಾರವನ್ನೂ ಒಟ್ಟಿಗೆ ಟೀಕಿಸಿದರೆ ಅದೂ ಗ್ರೂಪ್ ಥೆರಪಿಯೇ. ವಿನೋದದ ಮಾತೆಂದು ಇದನ್ನು ಬಿಟ್ಟುಬಿಡಬಹುದಾಗಿತ್ತು. ಆದರೆ ನಮ್ಮ ಪರಿಚಯದ ಗೃಹಸ್ಥರೊಬ್ಬರಿಗೆ ಪತ್ನೀವಿಯೋಗವಾಗಿ ಎರಡು ವರ್ಷ ಕಳೆದರೂ ನಿದ್ರಾಹಾರಗಳು ಸರಿಹೋಗದಿರಲು, ವೈದ್ಯರು ಅವರಿಗೆ ಸಮೂಹ ಚಿಕಿತ್ಸೆಯನ್ನು ಸೂಚಿಸಿದರು. “ಹರಟೆ ಹೊಡೆಯುವುದಕ್ಕೂ ವೈದ್ಯರ ಚೀಟಿ ಬೇಕೆ?” ಎಂದು ಅವರು ನಕ್ಕು ಮನೆಗೆ ಬಂದುಬಿಟ್ಟರು. ಮಾತಿನ ಅರ್ಥವು ಸವೆದುದರಿಂದ ರೋಗಿಯು ಚಿಕಿತ್ಸೆಯನ್ನೇ ಕಳೆದುಕೊಳ್ಳುವಂತಾದಾಗ, ಆ ಮಾತು ಎಲ್ಲಿಂದ ಬಂದಿತು, ಅದರೊಳಗೆ ಏನಿದೆ ಎಂದು ವಿಚಾರಿಸುವುದು ಅನಾವಶ್ಯಕವೆನಿಸಲಾರದು.

ಮೊದಲು ವ್ಯಾಕರಣದ ಮಾತೊಂದನ್ನು ಹೇಳಬೇಕು. ‘ಸಮೂಹ ಚಿಕಿತ್ಸೆ’ ಎಂಬ ಸಮಾಸವನ್ನು ಎರಡು ಬಗೆಯಾಗಿ ಬಿಡಿಸಬಹುದು. ಸಮೂಹದ ಚಿಕಿತ್ಸೆ ಎಂದರೆ, ಹಲವರನ್ನು ಒಂದೆಡೆ ಕೂಡಿಸಿ ವೈದ್ಯನು ಒಮ್ಮೆಗೇ ಮಾಡುವ ಉಪಚಾರ. ಸಮೂಹದಿಂದ ಚಿಕಿತ್ಸೆ ಎಂದರೆ, ಕೂಡಿದವರೇ ಒಬ್ಬರಿಗೊಬ್ಬರು ಔಷಧವಾಗುವುದು. ಈ ಪದ್ಧತಿಯ ಚರಿತ್ರೆಯೆಲ್ಲವೂ ಷಷ್ಠಿಯಿಂದ ತೃತೀಯೆಗೆ ನಡೆದ ಪಯಣವೆಂದು ನಮಗೆ ತೋರುತ್ತದೆ.

ಆ ಪಯಣವು ಹೊರಟುದು ಮನೋರೋಗದಿಂದಲ್ಲ, ಕ್ಷಯರೋಗದಿಂದ. 1905ರಲ್ಲಿ ಅಮೆರಿಕೆಯ ಬೋಸ್ಟನ್ ನಗರದಲ್ಲಿ ಜೋಸೆಫ್ ಪ್ರಾಟ್ ಎಂಬ ವೈದ್ಯರಿದ್ದರು. ಕ್ಷಯಕ್ಕೆ ಮದ್ದೆಂಬುದು ಆಗ ಇರಲಿಲ್ಲ. ಸ್ಟ್ರೆಪ್ಟೊಮೈಸಿನ್ ದೊರೆತುದು 1943ರಲ್ಲಿ. ಶುದ್ಧವಾದ ಗಾಳಿ, ಪೂರ್ಣ ವಿಶ್ರಾಂತಿ, ಪುಷ್ಟಿಕರವಾದ ಆಹಾರ, ಇಷ್ಟೇ ಉಪಾಯ. ಉಳ್ಳವರು ಬೆಟ್ಟಸೀಮೆಯ ಆರೋಗ್ಯಧಾಮಗಳಿಗೆ ತೆರಳುತ್ತಿದ್ದರು. ಇಕ್ಕಟ್ಟಾದ ಬಾಡಿಗೆಯ ಕೋಣೆಗಳಲ್ಲಿ ವಾಸಿಸುವ ಕೂಲಿಯವನು ಎಲ್ಲಿಗೆ ಹೋಗಬೇಕು? ಅವನ ಮನೆಯನ್ನೇ ಆರೋಗ್ಯಧಾಮವಾಗಿ ಮಾಡಬೇಕೆಂದು ಪ್ರಾಟರು ಯೋಚಿಸಿದರು. ಇಮ್ಯಾನ್ಯುಯಲ್ ಚರ್ಚು ಧನಸಹಾಯಕ್ಕೆ ಮುಂದೆ ಬಂದಿತು. ರೋಗಿಗಳು ಕೆಲಸವನ್ನು ಬಿಟ್ಟು, ಮಾಳಿಗೆಯ ಮೇಲೋ ಮೊಗಸಾಲೆಯಲ್ಲೋ ಡೇರೆಯಲ್ಲೋ, ಹಗಲಿರುಳೂ ಬಯಲುಗಾಳಿಯಲ್ಲಿ ಮಲಗಬೇಕು. ಜ್ವರದ ಏರಿಳಿತ, ಉಂಡುದು, ವಿಶ್ರಮಿಸಿದ ಹೊತ್ತು, ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದಿಡಬೇಕು. ಮನೆಮನೆಗೆ ಹೋಗಿ ನೋಡಿಬರಲು ಒಬ್ಬ ಸಂದರ್ಶಕಿಯಿದ್ದಳು. ಬೋಸ್ಟನ್ನಿನ ಚಳಿಗಾಲವನ್ನು ಬಲ್ಲವರಿಗೆ ಈ ನಿಯಮದ ಕಾಠಿಣ್ಯವು ತಿಳಿಯದಿರದು.

ವಾರಕ್ಕೊಮ್ಮೆ ಎಲ್ಲರೂ ಒಂದೆಡೆ ಸೇರುತ್ತಿದ್ದರು. ಒಂದು ತರಗತಿಗೆ 25 ಜನರು ಮೀರಕೂಡದು. ತೂಕ ನೋಡುವುದು, ಪುಸ್ತಕವನ್ನು ಪರೀಕ್ಷಿಸುವುದು, ನಾಲ್ಕು ಬುದ್ಧಿಮಾತು ಹೇಳುವುದು, ಇದೇ ಕೂಟದ ಕಾರ್ಯಕ್ರಮ. ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಹೇಳುವ ಶ್ರಮವನ್ನು ಉಳಿಸಲು ಕೂಡಿಸಿದುದೇ ಹೊರತು, ಕೂಟದಲ್ಲಿಯೇ ಒಂದು ಶಕ್ತಿಯಿದೆಯೆಂದು ಪ್ರಾಟರು ಮೊದಲು ಎಣಿಸಿರಲಿಲ್ಲ. ಆದರೆ ತೂಕವು ಏರಿದವನನ್ನು ಕಂಡು ಹೊಸಬನು ಧೈರ್ಯ ತಾಳುತ್ತಿದ್ದನು. ಬೇರೆಬೇರೆ ಜನಾಂಗದ, ಬೇರೆಬೇರೆ ಮತದ ಜನರು ಒಂದೇ ಬೇನೆಯ ಸಂಬಂಧದಿಂದ ನಂಟರಾಗುತ್ತಿದ್ದರು. ವೈದ್ಯನ ಉಪದೇಶಕ್ಕೆ ಬಗ್ಗದವನು ಪಕ್ಕದವನ ತೂಕದ ಅಂಕಿಗೆ ಬಗ್ಗಿದನು! 1930ರಲ್ಲಿ ಅದೇ ನಗರದ ಬಡವರ ಔಷಧಾಲಯದಲ್ಲಿ ಪ್ರಾಟರು ಮತ್ತೊಂದು ತರಗತಿಯನ್ನು ತೆರೆದರು. ದೇಹದಲ್ಲಿ ರೋಗವು ಕಾಣದಿದ್ದರೂ ನರಳುತ್ತಿದ್ದವರಿಗೆಂದೇ ಅದು ಮೀಸಲಾಗಿತ್ತು. ಕ್ಷಯವು ಹಿಂದೆ ಸರಿದು ಕೂಟವೇ ಮುಖ್ಯವಾಯಿತು.

ಹೆಸರು ಬಂದುದು ಬೇರೆಡೆಯಿಂದ. ಬುಖಾರೆಸ್ಟಿನಲ್ಲಿ ಹುಟ್ಟಿ, ವಿಯೆನ್ನಾದಲ್ಲಿ ಓದಿ, ಅಮೆರಿಕೆಗೆ ಬಂದು ನೆಲಸಿದ ಜೇಕಬ್ ಮೊರೆನೊ ಎಂಬ ವೈದ್ಯರು ಸುಮಾರು 1932ರಲ್ಲಿ, ಸಿಂಗ್ ಸಿಂಗ್ ಸೆರೆಮನೆಯ ಬಂದಿಗಳನ್ನು ಕುರಿತ ತಮ್ಮ ಅಧ್ಯಯನದ ಪ್ರಸಂಗದಲ್ಲಿ, ಈ ಮಾತನ್ನು ಬಳಕೆಗೆ ತಂದರು. ರೋಗಿಗಳು ತಮ್ಮ ಕಷ್ಟವನ್ನು ನಾಟಕವಾಗಿ ಆಡಿ ತೋರಿಸುವ ಪದ್ಧತಿಯೂ ಅವರದೇ. ಬಳಿಕ ಎರಡನೆಯ ಮಹಾಯುದ್ಧವು ಬಂದಿತು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಬಳಿಯ ನಾರ್ತ್‌ಫೀಲ್ಡ್ ಸೈನಿಕ ಆಸ್ಪತ್ರೆಯಲ್ಲಿ ಮನಸ್ಸು ಮುರಿದ ಸಿಪಾಯಿಗಳು ಹಲವರು, ವೈದ್ಯರು ಕೆಲವರು. 1942–43ರ ಚಳಿಗಾಲದಲ್ಲಿ ಬಿಯೊನ್ ಎಂಬವರು ಅಲ್ಲಿ ಸಿಪಾಯಿಗಳನ್ನು ಗುಂಪುಗಳಾಗಿ ಕೂಡಿಸಿ, ಗುಂಪಿನ ಕಷ್ಟವನ್ನು ಗುಂಪೇ ಅರಿಯುವಂತೆ ಮಾಡಲೆಳಸಿದರು. ಮೇಲಧಿಕಾರಿಗಳು ಆರೇ ವಾರಗಳಲ್ಲಿ ಅದನ್ನು ನಿಲ್ಲಿಸಿದರು. ಮುಂದೆ ಫೌಲ್ಕ್ಸ್ ಮೊದಲಾದವರು ಅಲ್ಲಿಯೇ ಆ ಕೆಲಸವನ್ನು ಬೇರೊಂದು ರೀತಿಯಲ್ಲಿ ನೆಲೆಗೊಳಿಸಿದರು. ಬೋಸ್ಟನ್ನಿನಲ್ಲಿ ಬಡತನ, ಇಲ್ಲಿ ಯುದ್ಧ: ಎರಡೆಡೆಯಲ್ಲಿಯೂ ಕೊರತೆಯೇ ಈ ವಿದ್ಯೆಗೆ ತಾಯಿಯಾಯಿತು.

ಗ್ರೀಕರ ಯಾವ ಶಬ್ದದಿಂದ ‘ಥೆರಪಿ’ ಎಂಬುದು ಬಂದಿತೋ ಆ ಶಬ್ದಕ್ಕೆ ಸೇವೆ, ಪರಿಚರ್ಯೆ ಎಂಬ ಅರ್ಥಗಳೂ ಉಂಟು. ಆದಕಾರಣ ಚಿಕಿತ್ಸೆಗಿಂತ ‘ಶುಶ್ರೂಷೆ’ಯೇ ಅದಕ್ಕೆ ಹತ್ತಿರವಾದುದು. ಶುಶ್ರೂಷೆ ಎಂದರೆ ‘ಶ್ರು’ ಧಾತುವಿನ ಬಲದಿಂದ ಕೇಳಬೇಕೆಂಬ ಇಚ್ಛೆ ಎಂಬುದನ್ನು ಸಂಸ್ಕೃತಜ್ಞರಾದ ವಾಚಕರಿಗೆ ನೆನಪಿಸಬೇಕಾಗಿಲ್ಲ. ಕೇಳುವವರು ಸಿಕ್ಕುವುದು ಕಲ್ಲುಬೆಂಚಿನ ಮೇಲೂ ಉಂಟಲ್ಲವೇ ಎಂದರೆ, ಉಂಟು. ಅದರಿಂದ ಮನಸ್ಸು ಹಗುರವಾಗುವುದೂ ಸುಳ್ಳಲ್ಲ. ಆದರೆ ಅಲ್ಲಿ ಹೇಳಿದುದು ಸಂಜೆಯೊಳಗೆ ಬೀದಿಯನ್ನು ಸುತ್ತಿಬರುವುದು. ಚಿಕಿತ್ಸೆಯ ಕೂಟದಲ್ಲಿ ಸಾಮಾನ್ಯವಾಗಿ ಏಳೆಂಟು ಜನರು, ಅವರಲ್ಲಿ ಬಹುಮಟ್ಟಿಗೆ ಪರಸ್ಪರ ಅಪರಿಚಿತರು, ಗೊತ್ತಾದ ದಿನ ಗೊತ್ತಾದ ಹೊತ್ತಿಗೆ ಸೇರುತ್ತಾರೆ. ಹೊಣೆ ಹೊತ್ತ ಶಿಕ್ಷಿತನೊಬ್ಬನು ಅಲ್ಲಿ ಇರುತ್ತಾನೆ. ಒಳಗಿನ ಮಾತು ಹೊರಗೆ ಹೋಗಕೂಡದೆಂಬುದು ಮೊದಲನೆಯ ಕಟ್ಟಳೆ. ಸ್ನೇಹಿತರು ನಮ್ಮನ್ನು ಮೆಚ್ಚಿಸಲು ಹೌದೆನ್ನುವಲ್ಲಿ, ಅಲ್ಲಿಯವರು ಅಲ್ಲವೆನ್ನಬಲ್ಲರು. 1935ರಲ್ಲಿ ಒಹಾಯೊ ಸಂಸ್ಥಾನದ ಆಕ್ರನ್ ಪಟ್ಟಣದಲ್ಲಿ ಹುಟ್ಟಿದ ಪಾನವಿಮುಕ್ತರ ಸಂಘವು ಇವೆರಡರ ನಡುವಿನದು. ಅಲ್ಲಿ ಗುಟ್ಟುಂಟು, ನಿಯಮವುಂಟು, ವೈದ್ಯನಿಲ್ಲ.

ಇನ್ನು ಅತಿಯಾದ ಹೊಗಳಿಕೆಯೂ ಸಲ್ಲದು. 1989ರಲ್ಲಿ ಡೇವಿಡ್ ಸ್ಪೀಗಲ್ ಮತ್ತು ಅವರ ಸಹೋದ್ಯೋಗಿಗಳು ಒಂದು ವರದಿಯನ್ನು ಪ್ರಕಟಿಸಿದರು. ಹರಡಿದ ಸ್ತನ ಕ್ಯಾನ್ಸರಿನ 86 ಸ್ತ್ರೀಯರಲ್ಲಿ ಇಂತಹ ಕೂಟಕ್ಕೆ ಸೇರಿದವರು ಉಳಿದವರಿಗಿಂತ ಸರಾಸರಿ ಒಂದೂವರೆ ವರ್ಷ ಹೆಚ್ಚು ಬದುಕಿದರೆಂದು ಅದು ಹೇಳಿದಾಗ ಲೋಕವು ಬೆರಗಾಯಿತು. 2001ರಲ್ಲಿ ಕೆನಡಾದವರು 235 ಸ್ತ್ರೀಯರನ್ನು ಪರೀಕ್ಷಿಸಿದಾಗ ಆಯುಷ್ಯವು ಹೆಚ್ಚಿದುದು ಕಾಣಲಿಲ್ಲ; 2007ರಲ್ಲಿ ಸ್ಪೀಗಲ್ಲರ ಸ್ವಂತ ಪರೀಕ್ಷೆಯಲ್ಲಿಯೂ ಒಟ್ಟಾರೆ ಆ ಫಲವು ಮರಳಿ ಬರಲಿಲ್ಲ. ಆದರೆ ಕೆನಡಾದ ಪರೀಕ್ಷೆಯಲ್ಲಿ, ಮೊದಲೇ ಹೆಚ್ಚು ಬಳಲಿದ್ದವರ ದುಗುಡವೂ ನೋವೂ ತಗ್ಗಿದುದು ಕಂಡುಬಂದಿತು. ಸಾವನ್ನು ಮುಂದೂಡದಿದ್ದರೂ ಇರುವ ದಿನಗಳನ್ನು ಸಹ್ಯವಾಗಿಸುವುದು ಅಲ್ಪವಾದ ಉಪಕಾರವೆಂದು ನಾವು ಎಣಿಸೆವು.

ಮೇಲೆ ಹೇಳಿದ ಗೃಹಸ್ಥರು ಮಗಳ ಬಲವಂತಕ್ಕೆ ಕಟ್ಟುಬಿದ್ದು ಕಡೆಗೂ ಹೋದರು. ಮೊದಲ ಮೂರು ವಾರ ಬಾಯಿ ಬಿಡಲಿಲ್ಲವಂತೆ. ಈಗ ಗುರುವಾರ ಬಂದಿತೆಂದರೆ ಮಧ್ಯಾಹ್ನದ ಊಟ ಮುಗಿಸಿ ಕೊಡೆ ಹಿಡಿದು ಹೊರಡುತ್ತಾರೆ. ಅಲ್ಲಿ ಏನು ಮಾತಾಡುವಿರೆಂದು ನಾವು ಕುತೂಹಲದಿಂದ ಕೇಳಲು, “ಅದನ್ನು ಹೊರಗೆ ಹೇಳುವಂತಿಲ್ಲ, ಸ್ವಾಮಿ” ಎಂದು ತಮ್ಮ ಕಾಫಿಯ ಲೋಟವನ್ನು ಕೈಗೆತ್ತಿಕೊಂಡರು.