ಒರಗಿ ತುಳಿದವನ ದಾಖಲೆ ಎಲ್ಲಿ ಹೋಯ್ತು? (ಭಾಗ 3)

1933ರ ಜುಲೈ 7, ಪ್ಯಾರಿಸ್. ಫ್ರಾನ್ಸಿಸ್ ಫೋರ್ ಅನ್ನೋ ಎರಡನೇ ದರ್ಜೆ ಸವಾರ, ಶಾರ್ಲ್ ಮೊಶೆ ಕಟ್ಟಿದ ಸೈಕಲ್‌ನಲ್ಲಿ ಹಿಂದಕ್ಕೆ ಒರಗಿ, ಕಾಲು ಮುಂದೆ ಚಾಚಿ, ಒಂದೇ ಗಂಟೇಲಿ 45.055 ಕಿ.ಮೀ. ತುಳಿದುಬಿಟ್ಟ! ಆಸ್ಕರ್ ಎಗ್‌ನ 44.247 ಕಿ.ಮೀ. ದಾಖಲೆ 1914ರಿಂದ ಅಲ್ಲಾಡಿರಲಿಲ್ಲ. ಮೈ ತಗ್ಗಿದ್ರೆ ಗಾಳಿ ತಡೆ ಕಮ್ಮಿ, ಅಷ್ಟೇ ಗುಟ್ಟು.

ಮರುತಿಂಗಳು ಮೊರಿಸ್ ರಿಶಾರ್ ಮಾಮೂಲಿ ಸೈಕಲ್‌ನಲ್ಲಿ 44.777 ಕಿ.ಮೀ. ಓಡಿಸಿದ. ಕಮ್ಮಿನೇ ಅಲ್ವಾ? ಆದ್ರೂ ಅಂತಾರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಅವನದ್ದನ್ನೇ ಒಪ್ಪಿ, 1934ರಲ್ಲಿ ಒರಗು ಸೈಕಲ್ಲನ್ನ ರೇಸಿನಿಂದ ಆಚೆ ಹಾಕ್ತು. ಅದೇ ವರ್ಷ ಮೊಶೆ ತೀರಿಕೊಂಡ. ನಂಗಂತೂ ಇದು ಶುದ್ಧ ಮೋಸ ಅನ್ಸುತ್ತೆ.

ಚಕ್ರ ಬದಲಾಯಿಸೋದು ಹೇಗೆ ಅಂತ ಕೇಳಿದವರಿಗೆ: '20 ಇಂಚು' ಅಂದ್ರೆ ಒಂದೇ ಅಳತೆ ಅಲ್ಲ ಮಾರಾಯ್ರೆ. ರಿಮ್ 406 ಮಿ.ಮೀ. ಇರಬಹುದು, 451 ಕೂಡ ಇರಬಹುದು. ಅದಲುಬದಲು ಮಾಡಿದ್ರೆ ಬ್ರೇಕ್ ಪ್ಯಾಡ್ ರಿಮ್‌ಗೆ ಸಿಗಲ್ಲ, 22.5 ಮಿ.ಮೀ. ತಪ್ಪುತ್ತೆ. ಡಿಸ್ಕ್ ಬ್ರೇಕ್ ಇದ್ರೆ ಫೋರ್ಕಲ್ಲಿ ಜಾಗ ಇದ್ಯಾ ನೋಡ್ಕೊಳ್ಳಿ ಸಾಕು.