ಚಕ್ರ ಜಾರೋದನ್ನ ಲೆಕ್ಕಕ್ಕೆ ತಂದವರು

ನಾನು ಓದಿದ್ದು ಬಿ.ಕಾಂ, ಹಾಗಾಗಿ ಟ್ರ್ಯಾಕ್ಟರ್ ಚಕ್ರ ಹೊಲದಲ್ಲಿ ಜಾರೋದೂ ನನಗೆ ಖರ್ಚಿನ ಬಾಬತ್ತೇ. ಸ್ಲಿಪ್ 15 ಪರ್ಸೆಂಟ್ ಅಂದ್ರೆ, ಚಕ್ರ 100 ಮೀಟರಿನಷ್ಟು ಉರುಳಿದ್ರೂ ಟ್ರ್ಯಾಕ್ಟರ್ ಮುಂದೆ ಹೋಗಿದ್ದು 85 ಮೀಟರ್. ಉಳಿದಿದ್ದು ಮಣ್ಣು ಕೆದರೋಕೆ ಸುಟ್ಟ ಡೀಸೆಲ್. ಹಾಗಂತ ಸ್ಲಿಪ್ ಸೊನ್ನೆ ಮಾಡೋಕಾಗಲ್ಲ. ಮಣ್ಣು ಸ್ವಲ್ಪ ಹಿಂದಕ್ಕೆ ಒತ್ತಿಸಿಕೊಂಡಾಗಲೇ ಚಕ್ರಕ್ಕೆ ಆಸರೆ ಸಿಗೋದು, ನೇಗಿಲು ಎಳೆಯೋದು. ಸಾಮಾನ್ಯವಾಗಿ 8ರಿಂದ 15 ಪರ್ಸೆಂಟ್ ಒಳಗಿದ್ರೆ ಒಳ್ಳೇದು. ಇದನ್ನ ಹೊಲಕ್ಕಿಳಿಯೋ ಮೊದಲೇ ಹೇಳಬಹುದಾ?

ಉತ್ತರಕ್ಕೆ ದುಡ್ಡು ಹಾಕಿದ್ದು ಸೇನೆ. ಎರಡನೇ ಮಹಾಯುದ್ಧದಲ್ಲಿ ಲಾರಿ, ಟ್ಯಾಂಕ್‌ಗಳು ಕೆಸರಲ್ಲಿ ಹೂತುಹೋಗ್ತಿದ್ವು. ಮಿಸಿಸಿಪ್ಪಿಯ ವಿಕ್ಸ್‌ಬರ್ಗ್‌ನಲ್ಲಿ ಅಮೆರಿಕದ ಸೇನಾ ಎಂಜಿನಿಯರುಗಳು 1945ರ ಹೊತ್ತಿಗೆ ಒಂದು ಸರಳ ಸಾಧನ ಹಿಡಿದು ಕೆಲಸಕ್ಕಿಳಿದ್ರು: ಕಂಬಿಯ ತುದಿಗೆ 30 ಡಿಗ್ರಿಯ ಚೂಪು ಶಂಕು. ನೆಲಕ್ಕೆ ಒತ್ತಿ, ಎಷ್ಟು ಬಲ ಬೇಕಾಯ್ತು ನೋಡಿ. ಆ ಅಂಕಿಯೇ ಕೋನ್ ಇಂಡೆಕ್ಸ್.

ಅದೇ ಸೇನೆಗೆ ಡೆಟ್ರಾಯಿಟ್‌ನಲ್ಲಿ ಕೆಲಸ ಮಾಡ್ತಿದ್ದ, ಪೋಲೆಂಡ್ ಮೂಲದ ಎಂ.ಜಿ. ಬೆಕ್ಕರ್‌ಗೆ ಇದು ಸಾಕಾಗಲಿಲ್ಲ. ಮಣ್ಣಿನ ಅಂಟು ಬೇರೆ, ಕಣಗಳ ಘರ್ಷಣೆ ಬೇರೆ. ಒಂದೇ ಅಂಕಿಯಲ್ಲಿ ಎರಡನ್ನೂ ಕಲಸಿಬಿಟ್ರೆ ಹೇಗೆ? ಬೇರೆ ಬೇರೆ ಅಳತೆಯ ತಟ್ಟೆಗಳನ್ನು ನೆಲಕ್ಕೆ ಒತ್ತಿ, ಮಣ್ಣನ್ನು ತಿರುಚಿ ಅಳೆಯೋ ದಾರಿ ಅವರದು. 1956ರಲ್ಲಿ ಅವರ ದೊಡ್ಡ ಪುಸ್ತಕ ಬಂತು. 1971ರಲ್ಲಿ ಅಪೊಲೊ 15ರ ಜೊತೆ ಚಂದ್ರನ ಮೇಲೆ ಓಡಿದ ರೋವರ್ ಇದೆಯಲ್ಲ, ಅದರ ತಂತಿಬಲೆ ಚಕ್ರಗಳ ಹಿಂದೆಯೂ ಅವರ ಕೆಲಸ ಇದೆ.

ವಾದದಲ್ಲಿ ನಂಗೆ ಬೆಕ್ಕರೇ ಸರಿ ಅನ್ಸುತ್ತೆ. ಆದ್ರೆ ಹೊಲದಲ್ಲಿ ಗೆದ್ದಿದ್ದು ಶಂಕು, ಯಾಕಂದ್ರೆ ಅದನ್ನ ಒಬ್ಬನೇ ಕೈಲಿ ಹಿಡ್ಕೊಂಡು ಹೋಗಬಹುದು. 1970ರ ದಶಕದ ಆರಂಭದಲ್ಲಿ ಜಾನ್ ಡೀರ್ ಕಂಪನಿಯ ವಿಸ್ಮರ್ ಮತ್ತು ಲೂತ್ ಅದರ ಮೇಲೇ ಸೂತ್ರ ಕಟ್ಟಿದ್ರು. ಕೋನ್ ಇಂಡೆಕ್ಸನ್ನು ಟೈರಿನ ಅಗಲ, ವ್ಯಾಸಗಳಿಂದ ಗುಣಿಸಿ, ಚಕ್ರದ ಮೇಲಿನ ಭಾರದಿಂದ ಭಾಗಿಸಿ. ಆ ಸಂಖ್ಯೆಯ ಜೊತೆ ಸ್ಲಿಪ್ ಎಷ್ಟು ಅಂತ ಹೇಳಿದ್ರೆ, ಎಳೆಯೋ ಬಲ ಎಷ್ಟು ಅಂತ ಸೂತ್ರ ಹೇಳುತ್ತೆ. 1987ರಲ್ಲಿ ಬ್ರಿಕ್ಸಿಯಸ್ ಇದನ್ನ ಇನ್ನಷ್ಟು ತಿದ್ದಿದ್ರು.

ಬೆಕ್ಕರ್ ತೆಗೆದ ತಕರಾರು ಮಾತ್ರ ಹಾಗೇ ಉಳೀತು. ಬರೀ ಮರಳಿಗಾಗಲಿ, ಕಲಸಿದ ಗದ್ದೆಗಾಗಲಿ ಈ ಸೂತ್ರ ಹೊಂದಲ್ಲ. ಗಂಗಾವತಿ ಕಡೆಯ ಭತ್ತದ ಕೆಸರಿಗೆ ಶಂಕು ಇಳಿಸಿದ್ರೆ ಮೇಲ್ಪದರದಲ್ಲಿ ಅಂಕಿ ಸೊನ್ನೆ ಹತ್ರ. ಅಲ್ಲಿ ಕಬ್ಬಿಣದ ಕೇಜ್ ವೀಲ್ ಕಟ್ಟಿಕೊಂಡೇ ಇಳೀತಾರೆ.

ನಿಮ್ಮ ಹೊಲದ ಸ್ಲಿಪ್ ಅಳೆಯೋಕೆ ಸೂತ್ರವೂ ಬೇಡ. ಟೈರಿಗೆ ಸೀಮೆಸುಣ್ಣದಲ್ಲಿ ಒಂದು ಗೀಟು ಹಾಕಿ. ನೇಗಿಲು ಎತ್ತಿಕೊಂಡು 10 ಸುತ್ತಿಗೆ 40 ಮೀಟರ್ ಹೋದ ಟ್ರ್ಯಾಕ್ಟರ್, ನೇಗಿಲು ಇಳಿಸಿದಾಗ 34 ಹೋದ್ರೆ, ಅದೇ 15 ಪರ್ಸೆಂಟ್.